0 = 10 ಬಂದರೆ ಲೆಕ್ಕ ತಪ್ಪಿದೆ ಅಂತ ಅಳಿಸಬೇಡಿ

ಹತ್ತನೇ ತರಗತಿ ಮಕ್ಕಳಿರುವ ಮನೆಯವರಿಗೆ ಒಂದು ಸಲಹೆ. ನಿನ್ನೆ ಸಂಜೆ ನನ್ನ ಮಗಳು ಎರಡು ಸಮೀಕರಣ ಬಿಡಿಸಿ ಎಕ್ಸ್, ವೈ ಬೆಲೆ ಹುಡುಕುವ ಒಂದೇ ಲೆಕ್ಕವನ್ನು ಮೂರು ಸಲ ಅಳಿಸಿ ಬರೆದಳು. ಪ್ರತಿ ಸಲವೂ ಕೊನೆಗೆ 0 = 10 ಬರುತ್ತಿತ್ತು. ಅವಳ ಲೆಕ್ಕ ಸರಿಯಾಗೇ ಇತ್ತು. ಆ ಸಮೀಕರಣಗಳಿಗೆ ಪರಿಹಾರವೇ ಇರಲಿಲ್ಲ.

ನಾನು ಸಂತೆ ಲೆಕ್ಕದಲ್ಲಿ ಹೇಳಿಕೊಟ್ಟೆ. 2 ಕೆಜಿ ಟೊಮೆಟೊ, 3 ಕೆಜಿ ಈರುಳ್ಳಿಗೆ 130 ರೂಪಾಯಿ. ಅದೇ ದರದಲ್ಲಿ 4 ಕೆಜಿ ಟೊಮೆಟೊ, 6 ಕೆಜಿ ಈರುಳ್ಳಿಗೆ 250 ಅಂದರೆ? ಎರಡರಷ್ಟು ತಗೊಂಡರೆ 260 ಆಗಬೇಕು, ಅಲ್ವಾ? 260ರ ಲೆಕ್ಕದಿಂದ 250ರದ್ದನ್ನು ಕಳೆದರೆ ಉಳಿಯುವುದೇ 0 = 10. ಹಾಗಾಗಿ ಎರಡು ಮಾತಿಗೂ ಹೊಂದುವ ದರ ಸಿಗುವುದೇ ಇಲ್ಲ. ಗ್ರಾಫ್ ಹಾಳೆಯಲ್ಲಿ ಎಳೆದರೆ ಎರಡೂ ಸಮಾಂತರ ಗೆರೆಗಳು, ಎಲ್ಲೂ ಸೇರುವುದಿಲ್ಲ.

ಲೆಕ್ಕ ಶುರು ಮಾಡುವ ಮೊದಲೇ ಅನುಪಾತ ನೋಡಿ. ಟೊಮೆಟೊ ದರ ಎಕ್ಸ್, ಈರುಳ್ಳಿ ದರ ವೈ ಅಂದುಕೊಂಡರೆ 2x + 3y = 130, 4x + 6y = 250. ಎಕ್ಸ್ ಮುಂದಿನ ಸಂಖ್ಯೆಗಳು 2/4, ವೈ ಮುಂದಿನವು 3/6, ಎರಡೂ ಅರ್ಧ. ಆದರೆ 130/250 ಅರ್ಧ ಅಲ್ಲ. ಅಲ್ಲಿಗೆ ಪರಿಹಾರ ಇಲ್ಲ. 260 ಇದ್ದಿದ್ದರೆ 0 = 0 ಬರುತ್ತಿತ್ತು. ಅದು ಬೇರೆ ಕಥೆ, ಅಲ್ಲಿ ಲೆಕ್ಕವಿಲ್ಲದಷ್ಟು ಪರಿಹಾರಗಳು.

ಮಕ್ಕಳು ಜಾಸ್ತಿ ಎಡವುವುದು ಚಿಹ್ನೆಯಲ್ಲಿ. x − 2y = 3, −3x + 6y = 9 ನೋಡಿ. ಮೊದಲ ಎರಡು ಅನುಪಾತ −1/3, ಕೊನೆಯದು +1/3. ಮೈನಸ್ ಬಿಟ್ಟರೆ ಮೂರೂ ಒಂದೇ ಅಂತ ಕಂಡು ಉತ್ತರ ಪೂರ್ತಿ ತಪ್ಪುತ್ತದೆ. ಅದಕ್ಕೇ ಎರಡನ್ನೂ ಮೊದಲು ಒಂದೇ ಕ್ರಮದಲ್ಲಿ, ಒಂದರ ಕೆಳಗೊಂದು ಬರೆಸಿ.