ಮಣ್ಣಿನ ಗೋಡೆಗೆ ಸುಣ್ಣವೇ ಸರಿ

ಹಳೇ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನೆಲದಿಂದ ಏರಿದ ತೇವ ಹೊರಗೆ ಹೋಗಲಾರದೆ ಒಳಗೇ ನಿಂತು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ.

ಸುಟ್ಟ ಸುಣ್ಣದ ಕಲ್ಲು ತಂದ ಕೂಡಲೇ ಅರಳಿಸಿ. ಗಾಳಿಗೆ ಬಿಟ್ಟರೆ ಪುಡಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ಹಾಕಿ, ಆಮೇಲೆ ಕಲ್ಲುಗಳನ್ನು ಸ್ವಲ್ಪಸ್ವಲ್ಪವೇ ಬಿಡಿ. ಕಲ್ಲಿನ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಬುಸುಗುಟ್ಟಿ, ಆವಿ ಎದ್ದು, ನೀರು ಕುದಿಯತೊಡಗುತ್ತದೆ. ಪ್ಲಾಸ್ಟಿಕ್ ಬಕೆಟ್, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ಕಣ್ಣಿಗೆ ಹಾರಿದರೆ ತಕ್ಷಣ ನೀರಿನಿಂದ ತೊಳೆಯುತ್ತಲೇ ಇದ್ದು, ಆಸ್ಪತ್ರೆಗೆ ಓಡಿ.

ತಣ್ಣಗಾದ ಮೇಲೆ ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ 2 ವಾರ ನೆನೆಯಲು ಬಿಡಿ. ಅರಳದೆ ಉಳಿದ ಹರಳು ಗಾರೆಯೊಳಗೆ ಸೇರಿದರೆ ಆಮೇಲೆ ಗೋಡೆಯಲ್ಲೇ ಅರಳಿ ಗುಳಿ ಬೀಳಿಸುತ್ತದೆ.

ಗಾರೆಗೆ 1 ಪಾಲು ಸುಣ್ಣ, 3 ಪಾಲು ತೊಳೆದ ಮರಳು. ಗೋಡೆ ಒದ್ದೆ ಮಾಡಿ, ತೆಳುವಾಗಿ ಮೆತ್ತಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಬೇಕು, ಅದಕ್ಕೆ ತೇವವೂ ಬೇಕು, ಸಮಯವೂ ಬೇಕು. ಬಿಸಿಲಿದ್ದರೆ ಒದ್ದೆ ಗೋಣಿಚೀಲ ಇಳಿಬಿಡಿ. ಮೇಸ್ತ್ರಿ ಅವಸರ ಮಾಡಿದರೂ ನೀವು ಒಪ್ಪಬೇಡಿ.

ಬಳಿಯುವುದಕ್ಕಾದರೆ ಇದೇ ಸುಣ್ಣವನ್ನು ನೀರಾಗಿ ಕದಡಿ. ಹಸಿಯಲ್ಲಿ ಬಣ್ಣವೇ ಕಾಣದು, ಒಣಗಿದಾಗ ಬಿಳುಪೇರುತ್ತದೆ. ದಪ್ಪನೆ ಒಂದು ಸಲಕ್ಕಿಂತ ತೆಳ್ಳಗೆ ಮೂರು ಸಲ ಬಳಿಯಿರಿ.