ಒಂದೇ ‘ರನ್’ ಹಿಡಿದು ಕ್ಲಾಸ್ ನಡೆಸಿದ್ದು

ಟೆನ್ಸ್ ಚಾರ್ಟ್ ಗೋಡೆಗೆ ಹಾಕಿದ ಮೂರನೇ ವಾರಕ್ಕೆ ಬೆಂಚು ಅರ್ಧ ಖಾಲಿ. ಮಂಡ್ಯದಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರಿಗೆ ಇದು ಹೊಸದೇನಲ್ಲ. ನಾನಂತೂ ಇಡಿಯಮ್ ಪುಸ್ತಕವನ್ನೂ ಅಚ್ಚು ಹಾಕಿಸಿದ್ದೆ. ಇನ್ನೂರು ಪ್ರತಿಗೆ ಹತ್ತಿರ ಹತ್ತಿರ ಹನ್ನೆರಡು ಸಾವಿರ ಬಿತ್ತು. ಹೋಗಿದ್ದು ಮೂವತ್ತೋ ನಲವತ್ತೋ. ಉಳಿದದ್ದು ಅಟ್ಟದ ಮೇಲಿದೆ, ಬೇಕಾದವರು ಸುಮ್ನೆ ಒಯ್ಯಬಹುದು.

ಆಮೇಲೆ ಎಲ್ಲ ಬಿಟ್ಟು ‘ರನ್’ ಒಂದನ್ನೇ ಹಿಡಿದೆ. ಜೊತೆಯ ಮೇಷ್ಟ್ರುಗಳು ನಕ್ಕರು. “ಒಂದು ಪದಕ್ಕೆ ಯಾರ್ರೀ ಫೀಸ್ ಕೊಡ್ತಾರೆ?” ಆಕ್ಸ್‌ಫರ್ಡ್ ದೊಡ್ಡ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದ್ದಾರೆ ಅಂದೆ. ನಂಬಲಿಲ್ಲ. ನಮಗೆ ಇಪ್ಪತ್ತು ಬಂದರೆ ಸಾಕಲ್ವಾ?

ಹುಡುಗರಿಂದಲೇ ಚೀಟಿಗಳಲ್ಲಿ ಕನ್ನಡ ವಾಕ್ಯ ಬರೆಸಿದೆ. ಬಸ್ ಓಡುತ್ತದೆ, ಸಿನಿಮಾ ನೂರು ದಿನ ಓಡಿತು. ಇವು ಸಲೀಸು. ತೊಡಕಿರುವುದು ‘ಓಡು’ ಹೊಂದದ ಕಡೆ. ಅಂಗಡಿ ನಡೆಸುತ್ತಾರೆ, ನಲ್ಲಿ ಸುರಿಯುತ್ತಿದೆ, ಮೂಗು ಸೋರುತ್ತಿದೆ, ಸೀರೆ ಬಣ್ಣ ಬಿಟ್ಟಿತು, ಡೀಸೆಲ್ ಮುಗಿಯಿತು. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ರನ್ನೇ. ಅಲ್ಲಿಯವರೆಗೆ ಬಾಯಿಯೇ ಬಿಡದಿದ್ದ ಆಲೆಮನೆ ಹುಡುಗನೊಬ್ಬ ಎದ್ದು ನಿಂತ. “ವಿ ರನ್ ಆನ್ ಆಲೆಮನೆ. ದ ಕ್ರಷರ್ ರನ್ಸ್ ಆಲ್ ನೈಟ್. ಬೈ ಮಾರ್ನಿಂಗ್ ವಿ ರನ್ ಔಟ್ ಆಫ್ ಕೇನ್.” ಮೂರು ವಾಕ್ಯ, ಮೂರು ಅರ್ಥ. ಯಾವ ಚಾರ್ಟೂ ಇದನ್ನು ಮಾಡಿಸಿರಲಿಲ್ಲ.

ಚುನಾವಣೆಯ ಚೀಟಿಯಂತೂ ಗಲಾಟೆಯನ್ನೇ ಎಬ್ಬಿಸಿತು. ನಾವು ಚುನಾವಣೆಗೆ ನಿಲ್ಲುತ್ತೇವೆ. ಬ್ರಿಟಿಷರೂ ‘ಸ್ಟ್ಯಾಂಡ್’ ಅನ್ನುತ್ತಾರೆ. ಅಮೆರಿಕದವರು ‘ರನ್’ ಅನ್ನುತ್ತಾರೆ. ಮಂಡ್ಯ ನೋಡಿ, ರಾಜಕೀಯ ಬಂತಲ್ಲ, ಕ್ಲಾಸ್ ಅರ್ಧ ಗಂಟೆ ಜಾಸ್ತಿಯೇ ನಡೆಯಿತು.

ಮಧ್ಯೆ ಮೈಸೂರಿನ ಒಂದು ಲಾಡ್ಜಿನ ಹುಡುಗರಿಗೆ ‘ಚೆಕ್’ ಹೇಳಿಕೊಟ್ಟೆ. ಚೆಕ್ ಇನ್, ಚೆಕ್ ಔಟ್, ಚೆಕ್ಸ್ ಶರ್ಟು. ಅಮೆರಿಕದ ಗಿರಾಕಿ ಊಟ ಮುಗಿಸಿ ‘ಚೆಕ್’ ಅಂದರೆ ಬಿಲ್ ತನ್ನಿ ಅಂತ. ಹುಡುಗರು ಬ್ಯಾಂಕಿನ ಚೆಕ್ ಕೊಡುತ್ತಾನೆ ಅಂದುಕೊಂಡಿದ್ದರಂತೆ! ಪಾಠ ಚೆನ್ನಾಗಿಯೇ ಆಯಿತು, ಅರ್ಧ ದುಡ್ಡು ಮಾತ್ರ ಇನ್ನೂ ಬಂದಿಲ್ಲ. ‘ಗೆಟ್’ ಕೂಡ ಮುಟ್ಟಿ ನೋಡಿದೆ. ಬಗ್ಗಲಿಲ್ಲ, ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಈಗ ಬ್ಯಾಚಿಗೆ ಇಪ್ಪತ್ತೈದರ ಸುಮಾರು ಜನ, ಫೀಸು ತಲೆಗೆ ಸಾವಿರದ ಇನ್ನೂರು. ಚೀಟಿಗೆ ನೂರು ರೂಪಾಯಿಯೂ ಖರ್ಚಾಗುವುದಿಲ್ಲ. ನಕ್ಕಿದ್ದ ಮೇಷ್ಟ್ರೊಬ್ಬರು ಮೊನ್ನೆ ಬಂದು ಚೀಟಿಗಳ ಜೆರಾಕ್ಸ್ ಕೇಳಿದರು. ಕೊಟ್ಟೆ. ಯಾವ ಚೀಟಿ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಹೇಳಿಲ್ಲ.