ರೊಟ್ಟಿಯ ಋಣ: ಮಾಲ್ಡನ್ ಕಾಳಗವನ್ನು ಕನ್ನಡಕ್ಕೆ ತಂದಾಗ

ಎರಡೇ ಎರಡು ಸಾಲು. ಅವುಗಳ ಜೊತೆ ಮೂರು ತಿಂಗಳು ಕೂತಿದ್ದೆ. ಹಳೆಯ ಇಂಗ್ಲಿಷಿನ ‘ಮಾಲ್ಡನ್ ಕಾಳಗ’ ಎಂಬ ಕಾವ್ಯದಲ್ಲಿ ಇವತ್ತು ಉಳಿದಿರುವುದು 325 ಸಾಲು. ಉಳಿದವು ಹೇಗೋ ಕನ್ನಡಕ್ಕೆ ಬಂದವು. ಈ ಎರಡು ಮಾತ್ರ ಬಗ್ಗಲಿಲ್ಲ.

ಕತೆ ಸರಳ. 991ರ ಆಗಸ್ಟ್, ಇಂಗ್ಲೆಂಡಿನ ಎಸೆಕ್ಸ್ ಸೀಮೆ. ಹಡಗಿನಲ್ಲಿ ಬಂದ ವೈಕಿಂಗರು ಎಂಬ ಕಡಲ ದಾಳಿಕೋರರು ಕಪ್ಪ ಕೇಳುತ್ತಾರೆ. ಅಲ್ಲಿನ ಒಡೆಯ ಬಿರ್ತ್‌ನಾತ್, ಕಪ್ಪದ ಬದಲು ಈಟಿ ಕೊಡುತ್ತೇವೆ ಎನ್ನುತ್ತಾನೆ. ಆಮೇಲೆ ಅವರು ನೀರು ದಾಟಿ ಬರಲು ತಾನೇ ಜಾಗ ಬಿಡುತ್ತಾನೆ. ಕಾಳಗದಲ್ಲಿ ಸಾಯುತ್ತಾನೆ. ಆಗ ಗಾಡ್ರಿಕ್ ಎಂಬವನು ಸತ್ತ ಒಡೆಯನ ಕುದುರೆಯನ್ನೇ ಹತ್ತಿ ಓಡಿಹೋಗುತ್ತಾನೆ. ಅವನಿಗೆ ಎಷ್ಟೋ ಸಲ ಕುದುರೆ ಕೊಟ್ಟಿದ್ದವನು ಅದೇ ಒಡೆಯ! ಹೋಗುತ್ತಿರುವುದು ಒಡೆಯನೇ ಅಂದುಕೊಂಡು ಎಷ್ಟೋ ಜನ ಚದುರಿಹೋಗುತ್ತಾರೆ.

ಇಲ್ಲಿ ನಾನು ಮೊದಲು ‘ಹೇಡಿ’, ‘ದ್ರೋಹಿ’ ಅಂತೆಲ್ಲ ತುಂಬಿದ್ದೆ. ಮೂಲದಲ್ಲಿ ಕವಿ ಆ ಕುದುರೆಯ ಬಗ್ಗೆ ಅಂದದ್ದು ಇಷ್ಟೇ: ಅದು ಸರಿಯಲ್ಲ. ಕಡಿಮೆ ಹೇಳಿ ಜಾಸ್ತಿ ನೋಯಿಸುವುದು ಈ ಕವಿಗಳ ಪಟ್ಟು. ನನ್ನ ಬೈಗುಳವನ್ನೆಲ್ಲ ಹೊಡೆದುಹಾಕಿದೆ. ಸಾಲು ಚುರುಕಾಯಿತು.

ಆ ಭಾಗವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಜೋಳದ ಸೀಮೆಯವಳು. ರೊಟ್ಟಿ ಬಡಿಯುತ್ತಲೇ, “ಉಂಡ ಮನಿಗೇ ಎರಡು ಬಗದ್ನಲ್ಲೋ ಅವಾ” ಅಂದಳು.

ನಾನು ಹುಡುಕುತ್ತಿದ್ದ ದಾರಿ ಸಿಕ್ಕಿತು. ಕಾವ್ಯದಲ್ಲಿ ಒಡೆಯನಿಗೆ ‘ಹ್ಲಾಫೋರ್ಡ್’ ಎಂಬ ಮಾತಿದೆ. ಬಿಡಿಸಿದರೆ ‘ರೊಟ್ಟಿ ಕಾಯುವವನು’. ಇಂದಿನ ‘ಲಾರ್ಡ್’ ಆದದ್ದು ಅದೇ ಪದ. ಅವರ ಹಳೆಯ ಕಾನೂನಿನಲ್ಲಿ ಆಳಿಗೆ ‘ರೊಟ್ಟಿ ತಿನ್ನುವವನು’ ಎಂಬ ಹೆಸರೇ ಇದೆ. ನಮ್ಮ ಹಳಗನ್ನಡದ ಜೋಳವಾಳಿಯೂ ಇದೇ ಅಲ್ವಾ? ಒಡೆಯನ ಜೋಳ ಉಂಡ ಮೇಲೆ ಆ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕು. ಅಲ್ಲಿಯವರೆಗೆ ನಾನು ಎಲ್ಲ ಕಡೆ ‘ಸ್ವಾಮಿನಿಷ್ಠೆ’ ಎಂದು ಬರೆದಿದ್ದೆ. ಆ ಪದಕ್ಕೆ ಹಿಟ್ಟಿನ ವಾಸನೆಯೇ ಇಲ್ಲ. ಅದನ್ನು ತೆಗೆದೆ. ಇಂಗ್ಲೆಂಡಿನಲ್ಲಿ ಜೋಳ ಎಲ್ಲಿತ್ತು? ಹಾಗಾಗಿ ‘ರೊಟ್ಟಿಯ ಋಣ’ ಅಂತ ಇಟ್ಟುಕೊಂಡೆ. ಜೇನಿನ ಮದ್ಯ ಕುಡಿಯುತ್ತಾ ಆಡಿದ ವೀರದ ಮಾತು ನೆನಪಿರಲಿ, ಯಾರು ಗಟ್ಟಿ ಅಂತ ಈಗ ತಿಳಿಯುತ್ತದೆ ಎಂದು ಒಬ್ಬ ಯುವಕ ಹೇಳುವ ಮಾತು ಆಮೇಲೆ ತಾನಾಗಿ ಕನ್ನಡವಾಯಿತು.

ಇನ್ನು ಆ ಎರಡು ಸಾಲು. ಒಡೆಯ ಸತ್ತಿದ್ದಾನೆ, ಸೋಲು ಖಚಿತ. ಬಿರ್ತ್‌ವೋಲ್ಡ್ ಎಂಬ ಮುದುಕ ಗುರಾಣಿ ಎತ್ತಿ ಹೇಳುತ್ತಾನೆ: “ಹಿಯೆ ಶಲ್ ಥೆ ಹೆಯರ್ದ್ರ, ಹೆಯೊರ್ತೆ ಥೆ ಕೇನ್ರೆ.” ಎರಡೂ ಸಾಲು ಸೇರಿ ಅರ್ಥ ಇಷ್ಟು: ನಮ್ಮ ಬಲ ಕುಗ್ಗಿದಷ್ಟೂ ಮನಸ್ಸು ಗಟ್ಟಿಯಾಗಬೇಕು, ಎದೆ ದಿಟ್ಟವಾಗಬೇಕು, ಧೈರ್ಯ ಹೆಚ್ಚಬೇಕು. ಜೋರಾಗಿ ಓದಿ ನೋಡಿ. ಸಾಲಿಗೆ ನಾಲ್ಕು ಪೆಟ್ಟು, ನಡುವೆ ಒಂದು ಬಿಡುವು. ಮೊದಲ ಮೂರು ಪೆಟ್ಟು ‘ಹ’ಕಾರದ ಮೇಲೆ ಬೀಳುತ್ತವೆ, ನಾಲ್ಕನೆಯದು ಬೇರೆ ಅಕ್ಷರ. ಮುಂದಿನ ಸಾಲಿನಲ್ಲಿ ಹೀಗೆಯೇ ‘ಮ’ಕಾರ. ಮೂರನೆಯ ಪೆಟ್ಟೇ ಕೀಲಿ. ಬಿಡುವಿನ ಆಚೆ ನಿಂತು ಮೊದಲ ಅರ್ಧವನ್ನು ಎಳೆದು ಹಿಡಿಯುವುದು ಅದು.

ನನ್ನ ಕಿವಿ ಪಳಗಿದ್ದು ಆದಿಪ್ರಾಸಕ್ಕೆ. ಸುಮ್ನೆ ಅದನ್ನೇ ಹಾಕಿ ನೋಡಿದೆ, ಕೂಡಲಿಲ್ಲ. ಎರಡನೆಯ ಅಕ್ಷರದ ಪ್ರಾಸ ಸಾಲನ್ನು ಕೆಳಗಿನ ಸಾಲಿಗೆ ಕಟ್ಟುತ್ತದೆ. ಇವರ ಕಟ್ಟು ಅಡ್ಡಡ್ಡ, ಒಂದೇ ಸಾಲಿನ ಎರಡು ಹೋಳುಗಳ ನಡುವೆ. ಪೆನ್ಸಿಲಿನಿಂದ ಪುಟದ ನಡುವೆ ಗೆರೆ ಎಳೆದೆ. ಅದರ ಎಡಕ್ಕೆ ಎರಡು ಪೆಟ್ಟು, ಬಲಕ್ಕೆ ಎರಡು. ‘ಹೃದಯ’ ಇಟ್ಟೆ, ಮೆತ್ತಗಾಯಿತು. ‘ಕರುಳು’ ಇಟ್ಟೆ, ಕನಿಕರ ಬಂತು. ಧೈರ್ಯಕ್ಕೆ ನಾವು ನಿಜವಾಗಿ ಅನ್ನುವುದು ಗುಂಡಿಗೆ. ಕೊನೆಗೆ ಬಂದದ್ದು ಇದು:

ಗಟ್ಟಿಯಾಗಲಿ ಗುಂಡಿಗೆ, ಗಂಡೆದೆ ಬಲಿಯಲಿ;
ಕುಗ್ಗಿದಷ್ಟೂ ಕಸುವು, ಕೆಚ್ಚು ಹೆಚ್ಚಲಿ.

ಗ-ಗ, ಗ-ಬ. ಕ-ಕ, ಕ-ಹ. ಕೊನೆಯ ‘ಕೆಚ್ಚು ಹೆಚ್ಚಲಿ’ಯಲ್ಲಿ ನಮ್ಮ ಎರಡನೆಯ ಅಕ್ಷರದ ಪ್ರಾಸವೂ ತಾನಾಗಿ ಬಂದು ಕೂತಿದೆ. ಅದನ್ನು ಹಾಗೇ ಬಿಟ್ಟೆ.

‘ಕೆಚ್ಚು’ ಇಲ್ಲಿ ಮೂಲದ ಎರಡನೆಯ ಸಾಲಿನ ‘ಮೋಡ್’ ಎಂಬ ಪದಕ್ಕೆ. ವೈಕಿಂಗರಿಗೆ ಜಾಗ ಬಿಟ್ಟ ಬಿರ್ತ್‌ನಾತನ ಬಗ್ಗೆ ಕವಿ ಮೊದಲೇ ‘ಓಫರ್‌ಮೋಡ್’ ಎಂದಿದ್ದಾನೆ. ನಾನು ಅಲ್ಲಿ ‘ಗರ್ವ’ ಎಂದು ಬರೆದಿದ್ದೆ. ಹಿಂದಕ್ಕೆ ಹೋಗಿ ‘ಮಿತಿ ಮೀರಿದ ಕೆಚ್ಚು’ ಎಂದು ತಿದ್ದಿದೆ. ಒಡೆಯನನ್ನು ಕೆಡಿಸಿದ್ದೂ ಮುದುಕನನ್ನು ನಿಲ್ಲಿಸಿದ್ದೂ ಒಂದೇ ಪದ ಅಂತ ಓದುವವರ ಕಿವಿಗೆ ಬೀಳಬೇಕು.

ಹಳೆಯ ಇಂಗ್ಲಿಷಿನ ಇನ್ನೊಂದು ಕಾವ್ಯ ‘ಬೇವುಲ್ಫ್’ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಒಗಟಿನಂಥ ಜೋಡಿಪದಗಳು ಇಲ್ಲಿ ಕಡಿಮೆ. ಅಲ್ಲಿ ಕಡಲು ‘ತಿಮಿಂಗಿಲದ ದಾರಿ’, ಮೈ ‘ಮೂಳೆಮನೆ’, ಕತ್ತಿ ‘ಕಾಳಗದ ಬೆಳಕು’. ಅವನ್ನು ಬಿಡಿಸಿ ಹೇಳಬಾರದು, ಅಷ್ಟೇ.

ಮಾಲ್ಡನ್ ಕಾವ್ಯದ ಹಸ್ತಪ್ರತಿ 1731ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದಕ್ಕೆ ಮುಂಚೆ ಮಾಡಿಟ್ಟ ನಕಲಿನಿಂದ ನಮಗೆ ಸಿಕ್ಕಿದ್ದು. ಮೊದಲೂ ಕೊನೆಯೂ ಅದರಲ್ಲೇ ಇಲ್ಲ. ಉಳಿದ ಕೊನೆಯ ಸಾಲುಗಳಲ್ಲಿ ಇನ್ನೊಬ್ಬ ಗಾಡ್ರಿಕ್ ಮುಂದೆ ನುಗ್ಗಿ ಈಟಿ ಎಸೆಯುತ್ತಾ, ಕಡಿಯುತ್ತಾ ಬೀಳುತ್ತಾನೆ. ನಾನೂ ಅಲ್ಲೇ ನಿಲ್ಲಿಸಿದೆ, ಮುಕ್ತಾಯ ಅಂತ ಏನನ್ನೂ ಸೇರಿಸಲಿಲ್ಲ. ನನ್ನ ಕನ್ನಡದ ಕೊನೆಯ ಸಾಲು ಇದು: ‘ಕಾಳಗ ಬಿಟ್ಟು ಓಡಿದ ಆ ಗಾಡ್ರಿಕ್ ಅಲ್ಲ ಇವನು.’